ರಾಜೀನಾಮೆ ಪತ್ರದಲ್ಲಿ ಬರೆಯದ ಕಾರಣ: ನರ್ಸ್‌ಗಳು ಕೆಲಸ ಬಿಡುವ ಯೋಚನೆ ಯಾಕೆ ಮಾಡುತ್ತಾರೆ?

ಅಮ್ಮನಿಗೆ ಆಪರೇಷನ್ ಆದಾಗ ನಾಲ್ಕು ರಾತ್ರಿ ವಾರ್ಡಿನಲ್ಲಿ ಅವರ ಮಂಚದ ಪಕ್ಕ ಕೂತಿದ್ದೆ. ಮೂರನೇ ರಾತ್ರಿ, ಎರಡು ಗಂಟೆ ದಾಟಿರಬೇಕು, ಡ್ರಿಪ್ ಬದಲಿಸಲು ಬಂದ ಸಿಸ್ಟರ್‌ಗೆ, "ನಿಮಗೆ ಸುಸ್ತಾಗಲ್ವಾ?" ಅಂತ ಕೇಳಿದೆ. "ಸುಸ್ತು ಅಭ್ಯಾಸ ಆಗಿಬಿಟ್ಟಿದೆ. ಆ ಮೂಲೆ ಮಂಚದ ಅಜ್ಜಿ ಎಂಟು ಗಂಟೆಯಿಂದ ಕರೀತಿದಾರೆ, ಸ್ವಲ್ಪ ಹೊತ್ತು ಕೂತ್ಕೋ ಮಗಳೇ ಅಂತ. ಇನ್ನೂ ಹೋಗೋಕೆ ಆಗಿಲ್ಲ. ಅದೇ ಬೇಜಾರು" ಎಂದರು. ಅಷ್ಟು ಹೇಳಿ ಮುಂದಿನ ಮಂಚಕ್ಕೆ ಹೋದರು.

ಆ ಮಾತು ತಲೆಯಲ್ಲೇ ಉಳಿಯಿತು. ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ನರ್ಸ್‌ಗಳು ಕೆಲಸ ಬಿಡುವುದು ಯಾಕೆ ಅಂದರೆ, ಸಂಬಳ ಸಾಲದು, ಕೆಲಸ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಎರಡೂ ನಿಜ. ಆದರೆ ಆ ಸಿಸ್ಟರ್ ಹೇಳಿದ್ದು ಅವೆರಡನ್ನೂ ಅಲ್ಲ. ಕೆಲಸ ಮಾಡಿ ದಣಿದಿದ್ದಕ್ಕಿಂತ, ಮಾಡಬೇಕಾದ ಕೆಲಸ ಮಾಡಲಾಗದೆ ಉಳಿದಿದ್ದು ಅವರನ್ನು ಕೊರೆಯುತ್ತಿತ್ತು. ಓದಿದಷ್ಟೂ ನನಗೆ ಅನ್ನಿಸಿದ್ದು ಇದು: ನರ್ಸ್‌ಗಳು ಬೇಸತ್ತಿರುವುದು ನರ್ಸಿಂಗ್‌ನಿಂದಲ್ಲ. ಕಲಿತ ನರ್ಸಿಂಗನ್ನು ಸರಿಯಾಗಿ ಮಾಡಲು ಬಿಡದ ಜಾಗದಿಂದ.

ಬಿಡುವುದು ಒಂದು ದಿನದ ಮಾತಲ್ಲ

ಆಸ್ಪತ್ರೆಯ ಆಡಳಿತದವರಿಗೆ ಗೊತ್ತಾಗುವುದು ಕೊನೆಯ ಹೆಜ್ಜೆ ಮಾತ್ರ. ಒಂದು ದಿನ ಪತ್ರ ಬರುತ್ತದೆ. ಅದರಲ್ಲಿ "ವೈಯಕ್ತಿಕ ಕಾರಣಗಳಿಂದ" ಅಂತ ಇರುತ್ತದೆ. ಅಲ್ಲಿಗೆ ಮುಗಿಯಿತು. ಆದರೆ ಆ ಪತ್ರದ ಹಿಂದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆದ ಒಂದು ಲೆಕ್ಕಾಚಾರ ಇರುತ್ತದೆ.

ಇದನ್ನು ಬಿಡಿಸಿ ತೋರಿಸಿದವರು ವಿಲಿಯಂ ಮೊಬ್ಲಿ ಎಂಬ ಸಂಶೋಧಕ, 1977ರಲ್ಲಿ. ಬೇಸರಕ್ಕೂ ರಾಜೀನಾಮೆಗೂ ನಡುವೆ ಹಲವು ಮೆಟ್ಟಿಲುಗಳಿವೆ ಅಂತ ಅವರು ಹೇಳಿದರು. ಮೊದಲು "ಬಿಟ್ಟುಬಿಡೋಣವಾ" ಎನ್ನುವ ಯೋಚನೆ ಸುಮ್ನೆ ಬಂದು ಹೋಗುತ್ತದೆ. ಆಮೇಲೆ ಬಿಟ್ಟರೆ ಏನು ಕಳೆದುಕೊಳ್ಳುತ್ತೇನೆ ಎಂಬ ಲೆಕ್ಕ. ನಂತರ ಬೇರೆ ಕೆಲಸದ ಹುಡುಕಾಟ, ಸಿಕ್ಕಿದ್ದನ್ನು ಇರುವುದರ ಜೊತೆ ಹೋಲಿಸಿ ನೋಡುವುದು. ಆಮೇಲೆ ನಿರ್ಧಾರ. ಯೋಚನೆ ಬಂದವರೆಲ್ಲ ಬಿಡುವುದಿಲ್ಲ. ಎಷ್ಟೋ ಜನ ಎರಡನೇ ಮೆಟ್ಟಿಲಲ್ಲೇ ನಿಂತು ಹತ್ತು ವರ್ಷ ಕಳೆಯುತ್ತಾರೆ. ಮನೆ ಸಾಲ ಇರುತ್ತದೆ, ಮಕ್ಕಳ ಶಾಲೆ ಇರುತ್ತದೆ. ಇವರು ಕೆಲಸ ಬಿಟ್ಟವರ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಮನಸ್ಸು ಯಾವಾಗಲೋ ಹೊರಗೆ ಕಾಲಿಟ್ಟಿರುತ್ತದೆ.

1994ರಲ್ಲಿ ಥಾಮಸ್ ಲೀ ಮತ್ತು ಟೆರೆನ್ಸ್ ಮಿಚೆಲ್ ಎಂಬ ಇಬ್ಬರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಬೇಸರ ನಿಧಾನವಾಗಿ ತುಂಬುತ್ತಾ ಹೋಗುವುದೇ ಯಾವಾಗಲೂ ಕಾರಣವಲ್ಲ, ಕೆಲವರಿಗೆ ಒಂದು ಪೆಟ್ಟು ಬೀಳುತ್ತದೆ ಅಂದರು. ಒಂದು ಘಟನೆ, ಅಷ್ಟೇ. ಡಬಲ್ ಡ್ಯೂಟಿ ಮುಗಿಸಿ ಹೊರಟವರನ್ನು ಮತ್ತೆ ವಾಪಸ್ ಕರೆದಿದ್ದು. ಎಲ್ಲರ ಮುಂದೆ ಬೈಸಿಕೊಂಡಿದ್ದು. ಮಗುವಿಗೆ ಜ್ವರ ಬಂದ ದಿನ ರಜೆ ಸಿಗದಿದ್ದು. ಹೊರಗಿನವರಿಗೆ "ಇಷ್ಟಕ್ಕೆಲ್ಲ ಬಿಡ್ತಾರಾ?" ಅನ್ನಿಸಬಹುದು. ಕೊಡ ತುಂಬಿದ್ದು ಆ ಒಂದು ಹನಿಯಿಂದ ಅಲ್ಲವಲ್ಲ.

ಒಬ್ಬ ನರ್ಸ್, ಎಷ್ಟು ಮಂಚ?

ಮೊದಲು ಲೆಕ್ಕದಿಂದ ಶುರು ಮಾಡೋಣ. ಎಂಟು ಗಂಟೆಯ ಶಿಫ್ಟ್ ಅಂದರೆ 480 ನಿಮಿಷ. ಬಂದಾಗ ಹಿಂದಿನವರಿಂದ ವಿವರ ಕೇಳಿಕೊಳ್ಳಬೇಕು, ಹೋಗುವಾಗ ಮುಂದಿನವರಿಗೆ ಹೇಳಬೇಕು. ಎರಡಕ್ಕೂ ಸೇರಿ 40 ನಿಮಿಷ ಇಟ್ಟುಕೊಳ್ಳಿ. ಊಟ, ನೀರು, ಶೌಚಾಲಯಕ್ಕೆ ಅರ್ಧ ಗಂಟೆ. ಕೇಸ್ ಶೀಟ್ ಬರೆಯುವುದು, ಕಂಪ್ಯೂಟರಿಗೆ ತುಂಬುವುದು, ಲ್ಯಾಬಿಗೆ ಫೋನ್ ಮಾಡುವುದು ಒಂದೂವರೆ ಗಂಟೆಗೆ ಕಡಿಮೆಯಾಗದು. ಉಳಿದಿದ್ದು 320 ನಿಮಿಷ. ಐದು ರೋಗಿಗಳಿದ್ದರೆ ಒಬ್ಬರಿಗೆ 64 ನಿಮಿಷ. ಎಂಟು ಜನರಿದ್ದರೆ 40. ಹನ್ನೆರಡು ಜನರಿದ್ದರೆ 27 ನಿಮಿಷವೂ ಇಲ್ಲ, ಅದೂ ಇಡೀ ಶಿಫ್ಟಿಗೆ. ಅಷ್ಟರಲ್ಲೇ ಮಾತ್ರೆ, ಇಂಜೆಕ್ಷನ್, ಬಿ.ಪಿ., ಜ್ವರ, ಗಾಯದ ಪಟ್ಟಿ, ಮಗ್ಗುಲು ಬದಲಿಸುವುದು, ಎಬ್ಬಿಸಿ ನಡೆಸುವುದು, ಮನೆಯವರ ಪ್ರಶ್ನೆಗೆ ಉತ್ತರ ಎಲ್ಲವೂ ಆಗಬೇಕು. ಇದು ಯಾರಿಗೂ ಏನೂ ಕೆಡದ ದಿನದ ಲೆಕ್ಕ. ಒಬ್ಬರಿಗೆ ಉಸಿರಾಟ ಕೆಟ್ಟಿತು ಅಂದರೆ ಒಂದು ಗಂಟೆ ಅಲ್ಲೇ ಹೋಗುತ್ತದೆ. ಆ ಗಂಟೆ ಉಳಿದವರ ಪಾಲಿನಿಂದಲೇ ಬರಬೇಕು.

ಈ ಲೆಕ್ಕದ ಫಲ ಏನು ಅಂತ ದೊಡ್ಡ ಮಟ್ಟದಲ್ಲಿ ಅಳೆದು ತೋರಿಸಿದವರು ಅಮೆರಿಕದ ಲಿಂಡಾ ಏಕನ್ ಮತ್ತು ಅವರ ಜೊತೆಗಾರರು. ಅವರ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳು, 10,184 ನರ್ಸ್‌ಗಳು, ಆಪರೇಷನ್‌ಗೆ ಸೇರಿದ್ದ 2,32,342 ರೋಗಿಗಳು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಾದರೆ, ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರುತ್ತಿತ್ತು. ಇದು ನೂರರಲ್ಲಿ ಏಳು ಜನ ಜಾಸ್ತಿ ಸತ್ತರು ಅಂತಲ್ಲ. ಮೊದಲೇ ಇದ್ದ ಸಾಧ್ಯತೆ ಅದರ ಶೇ 7ರಷ್ಟು ಹೆಚ್ಚಾಯಿತು ಅಂತ. ಅದೇ ಒಬ್ಬ ರೋಗಿ ಹೆಚ್ಚಾದಾಗ ನರ್ಸ್ ಒಳಗಿನಿಂದ ಬತ್ತಿಹೋಗುವ ಸಾಧ್ಯತೆ ಶೇ 23, ಕೆಲಸದ ಬಗ್ಗೆ ಅತೃಪ್ತಿಯ ಸಾಧ್ಯತೆ ಶೇ 15 ಏರುತ್ತಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರೋಗಿಯ ಹಿತ ಬೇರೆ, ನರ್ಸ್ ಹಿತ ಬೇರೆ, ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಬೇಕು ಅಂತ ನಾವು ಅಂದುಕೊಂಡಿರುತ್ತೇವೆ. "ಸೇವೆ ಅಂದ್ಮೇಲೆ ಕಷ್ಟ ಇರುತ್ತೆ" ಅನ್ನುವ ಮಾತು ಹುಟ್ಟುವುದು ಅಲ್ಲಿಂದಲೇ. ಆದರೆ ಅಂಕಿಗಳು ಹೇಳುವುದೇ ಬೇರೆ. ರೋಗಿಗೆ ಅಪಾಯ ತರುವುದೂ ನರ್ಸನ್ನು ಸುಡುವುದೂ ಒಂದೇ ಸಂಖ್ಯೆ. ಅದೇ ಅಧ್ಯಯನದಲ್ಲಿ, ತೀರಾ ಬಸವಳಿದು ಅತೃಪ್ತಿಯೂ ಇದ್ದ ನರ್ಸ್‌ಗಳಲ್ಲಿ ಶೇ 43 ಮಂದಿ ಒಂದು ವರ್ಷದೊಳಗೆ ಕೆಲಸ ಬಿಡುವ ಯೋಚನೆಯಲ್ಲಿದ್ದರು. ಬಸವಳಿಯದೆ, ತೃಪ್ತಿಯಿಂದ ಇದ್ದವರಲ್ಲಿ ಹಾಗೆ ಹೇಳಿದವರು ಶೇ 11 ಮಾತ್ರ.

ಯಾವ ಕೆಲಸ ಮೊದಲು ಬಿಟ್ಟುಹೋಗುತ್ತದೆ?

ಸಮಯ ಸಾಲದಾಗ ನರ್ಸ್ ಏನು ಮಾಡುತ್ತಾರೆ? ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬೇಗ ಮಾಡುತ್ತಾರೆ. ಅದೂ ಸಾಲದಾದಾಗ ಕೆಲವನ್ನು ಬಿಡುತ್ತಾರೆ. ಯಾವುದನ್ನು? ಇಂಜೆಕ್ಷನ್ ಬಿಡುವ ಹಾಗಿಲ್ಲ, ಶೀಟಿನಲ್ಲಿ ಟಿಕ್ ಹಾಕಬೇಕು. ಬಿ.ಪಿ. ಬಿಡುವ ಹಾಗಿಲ್ಲ, ಡಾಕ್ಟರ್ ಬಂದರೆ ಮೊದಲು ಕೇಳುವುದು ಅದನ್ನೇ. ಹಾಗಾಗಿ ಯಾರೂ ಲೆಕ್ಕ ಕೇಳದ ಕೆಲಸಗಳು ಜಾರಿಹೋಗುತ್ತವೆ.

ಬಿಯಾಟ್ರಿಸ್ ಕಾಲಿಶ್ ಎಂಬ ನರ್ಸಿಂಗ್ ಸಂಶೋಧಕಿ 2006ರಲ್ಲಿ ಇದನ್ನೇ ಹುಡುಕಿ ಹೊರಟರು. ನರ್ಸ್‌ಗಳನ್ನೇ ಕೂರಿಸಿಕೊಂಡು, ಪದೇ ಪದೇ ಬಿಟ್ಟುಹೋಗುವ ಕೆಲಸ ಯಾವುದು ಅಂತ ಕೇಳಿದರು. ರೋಗಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದು, ಮಗ್ಗುಲು ಬದಲಿಸುವುದು, ಊಟ ಆರುವ ಮುಂಚೆ ತಿನ್ನಿಸುವುದು, ಬಾಯಿ ಮತ್ತು ಮೈ ಶುಚಿ ಮಾಡುವುದು, ಮನೆಗೆ ಹೋದ ಮೇಲೆ ಏನು ಮಾಡಬೇಕು ಅಂತ ತಿಳಿಸಿ ಹೇಳುವುದು, ಧೈರ್ಯ ತುಂಬುವುದು. ಇಂಥವೇ ಸಿಕ್ಕವು.

ನೋಡಿದರೆ ಸಣ್ಣ ಕೆಲಸಗಳು. ಆದರೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಆ ಹುಣ್ಣು ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು. ಬಾಯಿ ಶುಚಿ ಮಾಡದಿದ್ದರೆ ಅಲ್ಲಿನ ಸೋಂಕು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನಡೆಸದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇದೆಲ್ಲ ನರ್ಸ್‌ಗೆ ಚೆನ್ನಾಗಿ ಗೊತ್ತು. ಕಲಿತದ್ದೇ ಅದು. ಇಡೀ ವಾರ್ಡಿನಲ್ಲಿ ಏನು ಬಿಟ್ಟುಹೋಗಿದೆ, ಅದರಿಂದ ಏನಾಗಬಹುದು ಅನ್ನುವುದು ಅವರ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಮನೆಗೆ ಹೋಗಿ ಮಲಗಿದ ಮೇಲೂ.

ಇದಕ್ಕೊಂದು ಹೆಸರಿದೆ. 1984ರಲ್ಲಿ ಆಂಡ್ರೂ ಜೇಮ್ಟನ್ ಎಂಬ ತತ್ವಶಾಸ್ತ್ರದ ಮೇಷ್ಟ್ರು ನರ್ಸ್‌ಗಳ ಬಗ್ಗೆ ಬರೆಯುತ್ತಾ ಇದನ್ನು ನೈತಿಕ ಸಂಕಟ ಅಂತ ಕರೆದರು. ಸರಿ ಯಾವುದು ಅಂತ ಗೊತ್ತಿಲ್ಲದೆ ಒದ್ದಾಡುವುದು ಒಂದು ಬಗೆ. ಇದು ಅದಲ್ಲ. ಸರಿ ಯಾವುದು ಅಂತ ಖಚಿತವಾಗಿ ಗೊತ್ತಿದೆ, ಆದರೆ ಇರುವ ವ್ಯವಸ್ಥೆ ಅದನ್ನು ಮಾಡಲು ಬಿಡುತ್ತಿಲ್ಲ. ಆಗ ಆಗುವ ನೋವು ಇದು. ನನ್ನ ಮಟ್ಟಿಗೆ ಈ ಇಡೀ ವಿಷಯದ ಕೀಲಿ ಇಲ್ಲೇ ಇದೆ. ಆಯಾಸವಾದರೆ ನಿದ್ದೆ ಮಾಡಿ ಎದ್ದಾಗ ಸ್ವಲ್ಪವಾದರೂ ಇಳಿಯುತ್ತದೆ. ಇದು ಇಳಿಯುವುದಿಲ್ಲ. ನಾಳೆ ಮತ್ತೆ ಅದೇ ವಾರ್ಡ್, ಅದೇ ಲೆಕ್ಕ. ಪ್ರತಿ ಸಲವೂ ಸ್ವಲ್ಪ ಉಳಿದು, ಅದರ ಮೇಲೆ ಇನ್ನೊಂದು ಸೇರುತ್ತಾ ಹೋಗುತ್ತದೆ. ಕೆಲಸವನ್ನು ಮನಸ್ಸಿಗೆ ಹಚ್ಚಿಕೊಳ್ಳದವರಿಗೆ ಈ ನೋವು ಕಡಿಮೆ. ಹಚ್ಚಿಕೊಂಡವರಿಗೆ ಜಾಸ್ತಿ. ಅಂದರೆ ಯಾರು ಉಳಿಯಬೇಕು ಅಂತ ನಾವು ಬಯಸುತ್ತೇವೋ ಅವರನ್ನೇ ಇದು ಮೊದಲು ಹೊರಗೆ ತಳ್ಳುತ್ತದೆ.

ಇದೇ ಜಾಗದಲ್ಲಿ ತಪ್ಪುಗಳೂ ಹುಟ್ಟುತ್ತವೆ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳು ಔಷಧ ಕೊಡುವುದನ್ನು ಪಕ್ಕದಲ್ಲೇ ನಿಂತು ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಬಂತು. ನಡುವೆ ಒಂದು ಸಲ ಯಾರಾದರೂ ಕರೆದು ಗಮನ ಕೆಡಿಸಿದರೆ, ತಪ್ಪುಗಳು ಸುಮಾರು ಶೇ 12ರಷ್ಟು ಹೆಚ್ಚಾಗುತ್ತಿದ್ದವು. ವಾರ್ಡಿನಲ್ಲಿ ಔಷಧದ ಟ್ರಾಲಿ ಮುಂದೆ ನಿಂತ ಸಿಸ್ಟರನ್ನು ನಾವು ಎಷ್ಟು ಸಲ ಕರೆದಿಲ್ಲ ಹೇಳಿ. ನಾನೂ ಕರೆದಿದ್ದೇನೆ. ಈಗ ಅದು ನೆನಪಾದರೆ ಕಸಿವಿಸಿಯಾಗುತ್ತದೆ. ತಪ್ಪಾದರೆ ರೋಗಿಗೆ ಪೆಟ್ಟು. ಆ ತಪ್ಪು ಯಾರ ಕೈಯಿಂದ ಆಯಿತೋ ಅವರೂ ಒಳಗೆ ಮುರಿದುಹೋಗುತ್ತಾರೆ. ವೈದ್ಯ ಆಲ್ಬರ್ಟ್ ವೂ 2000ದಲ್ಲಿ ಅಂಥವರನ್ನು "ಎರಡನೇ ಬಲಿಪಶು" ಅಂತ ಕರೆದರು. ಅವರು ಬರೆದಿದ್ದು ಡಾಕ್ಟರ್‌ಗಳ ಬಗ್ಗೆ, ಆದರೆ ಮಾತು ನರ್ಸ್‌ಗಳಿಗೂ ಅಷ್ಟೇ ಒಪ್ಪುತ್ತದೆ. ವಿಚಾರಣೆಯಲ್ಲಿ "ಯಾರು ಕೊಟ್ಟಿದ್ದು?" ಅಂತ ಕೇಳುತ್ತಾರೆ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಎಷ್ಟು ರೋಗಿಗಳಿದ್ದರು ಅಂತ ಕೇಳುವವರು ಕಡಿಮೆ.

ರಾತ್ರಿ, ನಿದ್ದೆ ಮತ್ತು ರೋಸ್ಟರ್

ಮೈಯ ಕಷ್ಟದ ಬಗ್ಗೆಯೂ ಹೇಳಬೇಕು. ನಮ್ಮ ದೇಹದೊಳಗೆ ಒಂದು ಗಡಿಯಾರ ಇದೆ, ಅದು ಬೆಳಕನ್ನು ನೋಡಿ ನಡೆಯುತ್ತದೆ. ನೈಟ್ ಡ್ಯೂಟಿಗೆ ಪೂರ್ತಿ ಹೊಂದಿಕೊಳ್ಳುವುದು ಹೆಚ್ಚಿನವರಿಗೆ ಸಾಧ್ಯವಾಗುವುದಿಲ್ಲ. ಹಗಲು ಮಲಗಿದರೆ ನಿದ್ದೆ ಚೂರುಚೂರು. ಅಷ್ಟರಲ್ಲಿ ರೋಸ್ಟರ್ ಬದಲಾಗಿ ಬೆಳಗಿನ ಡ್ಯೂಟಿ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ದೇಹದ ಗಡಿಯಾರ ಕೆಡಿಸುವ ರಾತ್ರಿ ಪಾಳಿಯನ್ನು "ಬಹುಶಃ ಕ್ಯಾನ್ಸರ್ ತರಬಲ್ಲದು" ಎಂಬ ಗುಂಪಿಗೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿದಾಗಲೂ ಅದೇ ಗುಂಪಿನಲ್ಲಿ ಉಳಿಸಿತು.

ಒಂದು ಶಿಫ್ಟ್ ಮುಗಿದು ಮುಂದಿನದು ಶುರುವಾಗಲು ಎಷ್ಟು ಹೊತ್ತು ಸಿಗುತ್ತದೆ ಅನ್ನುವುದೂ ಮುಖ್ಯ. ಯುರೋಪ್ ಒಕ್ಕೂಟದ ನಿಯಮದಲ್ಲಿ 24 ಗಂಟೆಗೆ 11 ಗಂಟೆಯಾದರೂ ಸತತ ವಿಶ್ರಾಂತಿ ಬೇಕು ಅಂತ ಇದೆ. ಮಧ್ಯಾಹ್ನದ ಪಾಳಿ ರಾತ್ರಿ ಹತ್ತಕ್ಕೆ ಮುಗಿದು ಮರುದಿನ ಬೆಳಗ್ಗೆ ಏಳಕ್ಕೆ ಹಾಜರಾಗಬೇಕು ಅಂದರೆ ಒಂಬತ್ತೇ ಗಂಟೆ. ಓಡಾಟ, ಊಟ, ಸ್ನಾನ ಕಳೆದರೆ ಮಲಗಲು ಐದು ಗಂಟೆ ಸಿಕ್ಕರೆ ಪುಣ್ಯ.

ಹನ್ನೆರಡು ಗಂಟೆಯ ಪಾಳಿಯ ಕತೆ ಸ್ವಲ್ಪ ಗೋಜಲು. ಅದನ್ನು ತುಂಬಾ ನರ್ಸ್‌ಗಳು ಇಷ್ಟಪಡುತ್ತಾರೆ, ಯಾಕೆಂದರೆ ವಾರದಲ್ಲಿ ಬಿಡುವಿನ ದಿನ ಜಾಸ್ತಿ ಸಿಗುತ್ತದೆ. ಅಮೆರಿಕದ ನಾಲ್ಕು ರಾಜ್ಯಗಳ 22,275 ನರ್ಸ್‌ಗಳ ಬಗ್ಗೆ 2012ರಲ್ಲಿ ಬಂದ ಅಧ್ಯಯನದಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ತಮ್ಮ ಪಾಳಿ ವ್ಯವಸ್ಥೆ ತೃಪ್ತಿ ತಂದಿದೆ ಅಂದರು. ಆದರೆ ಅದೇ ಅಧ್ಯಯನದಲ್ಲಿ, ಹತ್ತು ಗಂಟೆ ಅಥವಾ ಅದಕ್ಕಿಂತ ಉದ್ದದ ಪಾಳಿ ಮಾಡುವವರು ಬಸವಳಿಯುವ, ಬೇಸರ ಪಡುವ ಸಾಧ್ಯತೆ ಎರಡೂವರೆ ಪಟ್ಟಿನವರೆಗೆ ಹೆಚ್ಚಿತ್ತು. ಇಷ್ಟಪಟ್ಟು ಆರಿಸಿಕೊಂಡಿದ್ದೂ ಮೈ ಕೆಡಿಸಬಹುದು. ಹಾಗಂತ ಮೇಲಿನಿಂದ ಒಂದೇ ಏಟಿಗೆ ಬದಲಿಸಿದರೂ ಸಿಟ್ಟು ಬರುತ್ತದೆ. ನನಗನ್ನಿಸುವುದು, ಎಂಟೋ ಹನ್ನೆರಡೋ ಅನ್ನುವುದಕ್ಕಿಂತ, ತನ್ನ ತಿಂಗಳ ರೋಸ್ಟರ್ ಬಗ್ಗೆ ಮಾತಾಡಲು ನರ್ಸ್‌ಗೆ ಅವಕಾಶ ಇದೆಯಾ ಅನ್ನುವುದೇ ದೊಡ್ಡದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ಜಗತ್ತಿನ ನರ್ಸ್‌ಗಳಲ್ಲಿ ಸುಮಾರು ಶೇ 90 ಮಹಿಳೆಯರು. ಅವರಲ್ಲಿ ಎಷ್ಟೋ ಜನ ಆಸ್ಪತ್ರೆಯ ಪಾಳಿ ಮುಗಿಸಿ ಮನೆಯ ಪಾಳಿಗೆ ಹೋಗುತ್ತಾರೆ. ರೋಸ್ಟರಿನ ಕೊನೆ ಗಳಿಗೆಯ ಬದಲಾವಣೆ ಅವರಿಗೆ ಬರೀ ಕಿರಿಕಿರಿಯಲ್ಲ. ಆ ರಾತ್ರಿ ಮಗುವನ್ನು ಯಾರ ಹತ್ತಿರ ಬಿಡುವುದು ಅನ್ನುವ ಪ್ರಶ್ನೆ.

ಬತ್ತಿಹೋಗುವುದು ಅಂದರೆ ಏನು?

ಇಂಗ್ಲಿಷಿನಲ್ಲಿ ಬರ್ನ್‌ಔಟ್ ಅನ್ನುತ್ತಾರೆ. ಈಗ ಎಲ್ಲರ ಬಾಯಲ್ಲೂ ಇರುವ ಪದ, ಆದರೆ ಅರ್ಥ ಸಡಿಲವಾಗಿಬಿಟ್ಟಿದೆ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಈ ಪದವನ್ನು ಈ ಅರ್ಥದಲ್ಲಿ ಬಳಸಿ ಬರೆದರು. ತುಂಬಾ ಉತ್ಸಾಹದಿಂದ ಬಂದ ಕಾರ್ಯಕರ್ತರೇ ಕೆಲ ಕಾಲದಲ್ಲಿ ಆರಿಹೋಗುವುದನ್ನು ಅವರು ಕಂಡಿದ್ದರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಸೂಸನ್ ಜ್ಯಾಕ್ಸನ್ ಜೊತೆ ಇದನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಅವರ ಪ್ರಕಾರ ಇದರಲ್ಲಿ ಮೂರು ಎಳೆಗಳಿವೆ. ಒಳಗಿನ ಶಕ್ತಿ ಬರಿದಾಗುವುದು ಒಂದು. ಎದುರಿಗಿರುವವರನ್ನು ಮನುಷ್ಯರಂತೆ ನೋಡಲಾಗದೆ ದೂರ ಸರಿಯುವುದು ಇನ್ನೊಂದು. "ನಾನು ಮಾಡುತ್ತಿರುವುದರಿಂದ ಏನೂ ಆಗುತ್ತಿಲ್ಲ" ಅನ್ನಿಸುವುದು ಮೂರನೆಯದು.

ಎರಡನೆಯದನ್ನು ಹೊರಗಿನವರು ತಪ್ಪಾಗಿ ಓದುತ್ತಾರೆ. "ಆ ಸಿಸ್ಟರಿಗೆ ಕರುಣೆಯೇ ಇಲ್ಲ, ಮುಖ ಕೊಟ್ಟು ಮಾತಾಡಲ್ಲ" ಅಂತ ದೂರುತ್ತೇವೆ. ಕೆಲವರು ಹಾಗೇ ಇರಬಹುದು. ಆದರೆ ತುಂಬಾ ಸಲ ಅದು ಒಂದು ಕಾಲಕ್ಕೆ ಎಲ್ಲರಿಗಿಂತ ಜಾಸ್ತಿ ಕರುಣೆ ಇದ್ದವರು ಕಟ್ಟಿಕೊಂಡ ಗೋಡೆ. ಲಂಡನ್ನಿನ ಬೋಧನಾ ಆಸ್ಪತ್ರೆಯೊಂದನ್ನು ಹತ್ತಿರದಿಂದ ನೋಡಿ ಇಸಬೆಲ್ ಮೆಂಜೀಸ್ 1960ರಲ್ಲಿ ಇದನ್ನು ಬರೆದರು. ಸಾವು, ನೋವು, ಅಸಹಾಯಕತೆಯನ್ನು ದಿನಾ ನೋಡುವ ಭಯವನ್ನು ತಡೆಯಲು ಇಡೀ ಆಸ್ಪತ್ರೆಯೇ ಕೆಲಸವನ್ನು ತುಂಡು ತುಂಡು ಮಾಡಿತ್ತು. ಒಬ್ಬರು ಎಲ್ಲರ ಬಿ.ಪಿ. ನೋಡುವುದು, ಇನ್ನೊಬ್ಬರು ಎಲ್ಲರಿಗೂ ಮಾತ್ರೆ ಕೊಡುವುದು, ಹೀಗೆ. ರೋಗಿಯ ಹೆಸರಿನ ಬದಲು ಮಂಚದ ನಂಬರ್ ಮತ್ತು ಕೆಟ್ಟ ಅಂಗದ ಹೆಸರು ಹೇಳುವ ರೂಢಿ ಇತ್ತು. ಯಾರ ಜೊತೆಗೂ ನಂಟು ಬೆಳೆಯದಿದ್ದರೆ ನೋವಾಗದು ಅನ್ನುವ ಲೆಕ್ಕ. ಆದರೆ ನಂಟು ತಪ್ಪಿದಾಗ ಕೆಲಸದ ಸಂತೋಷವೂ ತಪ್ಪಿತು. ಅಲ್ಲಿನ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಓದು ಮುಗಿಸದೆ ಹೋಗುತ್ತಿದ್ದರು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್‌ಗೆ ಒಂದು ಸ್ಪಷ್ಟ ಜಾಗ ಕೊಟ್ಟಿತು. ಅದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದೆ ಉಳಿದ ಒತ್ತಡದಿಂದ ಬರುವಂಥದ್ದು ಅಂತ ಹೇಳಿತು. ಈ ಮಾತು ದೊಡ್ಡದು. ಯಾಕೆಂದರೆ ನರ್ಸ್‌ಗಳು ಬಸವಳಿದಿದ್ದಾರೆ ಅಂತ ಗೊತ್ತಾದ ಕೂಡಲೇ ಧ್ಯಾನದ ಕ್ಲಾಸು, ಮನೋಬಲದ ಭಾಷಣ ಏರ್ಪಡಿಸುವುದು ತುಂಬಾ ಕಡೆ ನಡೆಯುತ್ತದೆ. ಧ್ಯಾನ ಒಳ್ಳೆಯದೇ. ಆದರೆ ಹನ್ನೆರಡು ಮಂಚ ಹನ್ನೆರಡಾಗಿಯೇ ಇದ್ದರೆ, ಆ ಕ್ಲಾಸು ನರ್ಸ್‌ಗೆ ಹೇಳುವುದು ಇಷ್ಟೇ: ತೊಂದರೆ ಇರುವುದು ನಿನ್ನಲ್ಲಿ. ಅದನ್ನು ಕೇಳಿಸಿಕೊಂಡವರಿಗೆ ಆಗುವ ನೋವು ಸಣ್ಣದಲ್ಲ.

ಗೌರವ, ಬೈಗುಳ, ಸಂಬಳ

ದಿನವಿಡೀ ರೋಗಿಯ ಪಕ್ಕ ಇರುವವರು ನರ್ಸ್. ರೋಗಿಯ ಬಣ್ಣ ಬದಲಾಗಿದ್ದು, ಮಾತು ತೊದಲಿದ್ದು ಮೊದಲು ಗೊತ್ತಾಗುವುದು ಅವರಿಗೆ. ಅದನ್ನು ಹೇಳಿದಾಗ "ನೀವು ಹೇಳಿದ್ದಷ್ಟು ಮಾಡಿ ಸಾಕು" ಅನ್ನುವ ಉತ್ತರ ಬಂದರೆ, ಸಂಜೆ ಅದೇ ರೋಗಿ ಐಸಿಯುಗೆ ಹೋದರೆ, ಆ ದಿನವನ್ನು ಯಾರೂ ಮರೆಯುವುದಿಲ್ಲ. ಕಣ್ಣಿಗೆ ಕಂಡಿದ್ದು ಲೆಕ್ಕಕ್ಕೆ ಬರದಿದ್ದರೆ ನೋಡುವ ಉತ್ಸಾಹವೂ ಹೋಗುತ್ತದೆ.

ಇನ್ನು ಬೈಗುಳ, ಹಲ್ಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಆರೋಗ್ಯ ಸಿಬ್ಬಂದಿಯಲ್ಲಿ ಶೇ 8ರಿಂದ 38ರಷ್ಟು ಮಂದಿ ವೃತ್ತಿಜೀವನದ ಒಂದಲ್ಲ ಒಂದು ಹಂತದಲ್ಲಿ ದೈಹಿಕ ಹಲ್ಲೆಗೆ ಒಳಗಾಗುತ್ತಾರೆ. ಡಾಕ್ಟರ್ ತಡವಾಗಿ ಬಂದದ್ದು, ಬಿಲ್ಲು ಜಾಸ್ತಿಯಾಗಿದ್ದು, ರಿಪೋರ್ಟ್ ಸಿಗದಿದ್ದು ಇವೆಲ್ಲದರ ಸಿಟ್ಟು ಎದುರಿಗೆ ಸಿಕ್ಕ ನರ್ಸ್ ಮೇಲೆ ಇಳಿಯುತ್ತದೆ. ಅದಾದ ಮೇಲೆ ಆಡಳಿತ ಅವರ ಪರ ನಿಲ್ಲುತ್ತದಾ, "ಹೊಂದಿಕೊಂಡು ಹೋಗಿ" ಅನ್ನುತ್ತದಾ ಎಂಬುದರ ಮೇಲೆ ಎಷ್ಟೋ ಜನರ ನಿರ್ಧಾರ ನಿಂತಿದೆ.

ಸಂಬಳದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಅದು ಚಿಕ್ಕದು ಅಂತಲ್ಲ. ಮನೆ ನಡೆಸಲು ಸಾಲದ ಸಂಬಳ ಇದ್ದರೆ ಬೇರೆ ಯಾವ ಮಾತೂ ನಿಲ್ಲುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ, ಸಂಬಳ ಅನ್ನುವುದು ಗೌರವದ ಅಳತೆಯೂ ಆಗುತ್ತದೆ. ಹದಿನೈದು ವರ್ಷದ ಅನುಭವಕ್ಕೂ ಮೊನ್ನೆ ಸೇರಿದವರಿಗೂ ಹೆಚ್ಚು ವ್ಯತ್ಯಾಸ ಇಲ್ಲ ಅಂದರೆ, ಆ ಹದಿನೈದು ವರ್ಷಕ್ಕೆ ಇಲ್ಲಿ ಬೆಲೆ ಇಲ್ಲ ಅಂತಲೇ ಅರ್ಥ, ಅಲ್ವಾ?

ಹೊಸಬರು, ಹಳಬರು, ಸರಪಳಿ

ಹೊಸದಾಗಿ ಸೇರಿದವರ ಕಷ್ಟ ಬೇರೆ. ಕಾಲೇಜಿನಲ್ಲಿ ಒಬ್ಬ ರೋಗಿಗೆ ಪೂರ್ತಿ ಗಮನ ಕೊಟ್ಟು ಆರೈಕೆ ಮಾಡುವುದನ್ನು ಕಲಿಸಿರುತ್ತಾರೆ. ವಾರ್ಡಿಗೆ ಬಂದ ಮೊದಲ ವಾರವೇ "ಅದೆಲ್ಲ ಪುಸ್ತಕದಲ್ಲಿ, ಇಲ್ಲಿ ಬೇಗ ಮುಗಿಸು" ಅನ್ನುವ ಮಾತು ಕಿವಿಗೆ ಬೀಳುತ್ತದೆ. ಮಾರ್ಲೀನ್ ಕ್ರೇಮರ್ 1974ರಲ್ಲೇ ಇದನ್ನು ವಾಸ್ತವದ ಆಘಾತ ಅಂತ ಕರೆದಿದ್ದರು. ಐವತ್ತು ವರ್ಷ ಕಳೆದರೂ ಆ ಹೆಸರು ಹಳೆಯದಾಗಿಲ್ಲ. ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸುವ ಹಿರಿಯ ಸಿಸ್ಟರ್ ಒಬ್ಬರಿದ್ದರೆ ಆಘಾತ ತಡೆದುಕೊಳ್ಳಬಹುದು. ಆದರೆ ಆ ಹಿರಿಯರೇ ಕಳೆದ ತಿಂಗಳು ಬಿಟ್ಟುಹೋಗಿದ್ದರೆ?

ಇಲ್ಲೇ ಸರಪಳಿ ಶುರುವಾಗುವುದು. ಒಬ್ಬರು ಹೋದರೆ ಅವರ ರೋಗಿಗಳು ಉಳಿದವರಿಗೆ ಹಂಚಿಕೆಯಾಗುತ್ತಾರೆ. ನಿನ್ನೆಯವರೆಗೆ ಬರೀ ಯೋಚಿಸುತ್ತಿದ್ದವರು ಇಂದು ಅರ್ಜಿ ಹಾಕುತ್ತಾರೆ. ಹೊಸಬರು ಬಂದರೂ ಆರು ತಿಂಗಳು ಅವರನ್ನು ನೋಡಿಕೊಳ್ಳುವ ಹೊಣೆಯೂ ಇದ್ದವರದ್ದೇ. ಕಾಗದದ ಮೇಲೆ ಜಾಗ ಭರ್ತಿಯಾಗಿರುತ್ತದೆ, ವಾರ್ಡಿನಲ್ಲಿ ಆಗಿರುವುದಿಲ್ಲ. ರೋಗಿಯ ಮುಖ ನೋಡಿದ ಕೂಡಲೇ "ಇವರು ಸರಿಯಿಲ್ಲ, ಡಾಕ್ಟರನ್ನು ಕರೆಯಿರಿ" ಅನ್ನುವ ಕಣ್ಣು ವರ್ಷಗಳ ಅನುಭವದಿಂದ ಬರುವಂಥದ್ದು. ಅದನ್ನು ಜಾಹೀರಾತು ಕೊಟ್ಟು ತುಂಬಲು ಆಗುವುದಿಲ್ಲ. ಜಗತ್ತಿನಲ್ಲಿ 2023ರ ಹೊತ್ತಿಗೆ ಸುಮಾರು 58 ಲಕ್ಷ ನರ್ಸ್‌ಗಳ ಕೊರತೆ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಹಾಗಾಗಿ ಬೇಸತ್ತವರಿಗೆ ಬೇರೆ ಬಾಗಿಲು ತೆರೆದೇ ಇರುತ್ತದೆ, ಎಷ್ಟೋ ಸಲ ಬೇರೆ ದೇಶದಲ್ಲಿ.

ಕೆಲವು ಕಡೆ ಯಾಕೆ ಉಳಿಯುತ್ತಾರೆ?

1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ನರ್ಸ್‌ಗಳ ಕೊರತೆ ಜೋರಾಗಿತ್ತು. ಆಗ ಅಲ್ಲಿನ ನರ್ಸಿಂಗ್ ಅಕಾಡೆಮಿ ಪ್ರಶ್ನೆಯನ್ನೇ ತಿರುಗಿಸಿತು. ಯಾಕೆ ಬಿಡುತ್ತಾರೆ ಅಂತ ಕೇಳುವ ಬದಲು, ಬಿಡದೆ ಉಳಿಯುವ ಆಸ್ಪತ್ರೆಗಳು ಯಾವುವು, ಅಲ್ಲಿ ಏನಿದೆ ಅಂತ ನೋಡಿತು. 163 ಆಸ್ಪತ್ರೆಗಳನ್ನು ಪರಿಶೀಲಿಸಿ 41ನ್ನು ಆರಿಸಿತು. 1983ರಲ್ಲಿ ವರದಿ ಬಂತು. ಅಯಸ್ಕಾಂತದ ಹಾಗೆ ನರ್ಸ್‌ಗಳನ್ನು ಹಿಡಿದಿಡುತ್ತಿದ್ದವು ಅಂತ ಅವುಗಳಿಗೆ ಮ್ಯಾಗ್ನೆಟ್ ಆಸ್ಪತ್ರೆ ಎಂಬ ಹೆಸರು ಬಿತ್ತು. ಅಲ್ಲಿ ಕಂಡದ್ದು ಯಾವ ಪವಾಡವೂ ಅಲ್ಲ. ಸಾಕಷ್ಟು ಸಿಬ್ಬಂದಿ ಇದ್ದರು. ನರ್ಸಿಂಗ್ ಮುಖ್ಯಸ್ಥರು ವಾರ್ಡಿನಲ್ಲಿ ಕಾಣಸಿಗುತ್ತಿದ್ದರು, ಅವರ ಮಾತಿಗೆ ಆಡಳಿತದಲ್ಲಿ ತೂಕವಿತ್ತು. ರೋಗಿಯ ಆರೈಕೆ ಹೇಗಿರಬೇಕು ಅನ್ನುವುದನ್ನು ನಿರ್ಧರಿಸಲು ನರ್ಸ್‌ಗೆ ಅಧಿಕಾರವಿತ್ತು. ಡಾಕ್ಟರ್‌ಗಳ ಜೊತೆ ಸಮನಾಗಿ ಮಾತಾಡುವ ವಾತಾವರಣ ಇತ್ತು.

ಕಾನೂನಿನ ದಾರಿಯೂ ಇದೆ. ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿ 2004ರಲ್ಲಿ ಜಾರಿಗೆ ತಂದಿತು: ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಹೆಚ್ಚು ರೋಗಿಗಳಿಲ್ಲ, 2005ರಿಂದ ಸಾಮಾನ್ಯ ವಾರ್ಡಿನಲ್ಲಿ ಐವರಿಗಿಂತ ಹೆಚ್ಚಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಆರಿಸಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲು ನಾಲ್ಕು, ರಾತ್ರಿ ಏಳು ಎಂಬ ಮಿತಿ ತಂದಿತು. ಇಷ್ಟೊಂದು ನರ್ಸ್‌ಗಳಿಗೆ ಖರ್ಚು ಎಲ್ಲಿಂದ ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಅದಕ್ಕೆ 2021ರ ಅಧ್ಯಯನವೊಂದು ಉತ್ತರ ಕೊಟ್ಟಿತು. ಮಿತಿ ತಂದ 27 ಆಸ್ಪತ್ರೆಗಳನ್ನು, ತರದ 28 ಆಸ್ಪತ್ರೆಗಳ ಜೊತೆ ಹೋಲಿಸಿದರು. ರೋಗಿಗಳು ಬೇಗ ಮನೆಗೆ ಹೋದರು, ಮತ್ತೆ ಬಂದು ಸೇರುವುದು ಕಡಿಮೆಯಾಯಿತು. ಅದರಿಂದ ಉಳಿದ ಹಣ, ಹೆಚ್ಚುವರಿ ನರ್ಸ್‌ಗಳಿಗೆ ಮಾಡಿದ ಖರ್ಚಿನ ಎರಡು ಪಟ್ಟಿಗಿಂತ ಜಾಸ್ತಿ ಇತ್ತು.

ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಬಿಟ್ಟುಹೋಗುವವರನ್ನು ಕೊನೆಯ ದಿನ ಕೂರಿಸಿಕೊಂಡು ಕಾರಣ ಕೇಳುವುದು ಹಳೆಯ ಪದ್ಧತಿ. ಆ ಹೊತ್ತಿಗೆ ಅವರಿಗೆ ಹೇಳುವ ಮನಸ್ಸೂ ಇರುವುದಿಲ್ಲ, ಕೇಳಿ ಪ್ರಯೋಜನವೂ ಇಲ್ಲ. ಈಗ ಕೆಲವು ಕಡೆ ಇನ್ನೂ ಕೆಲಸದಲ್ಲಿ ಇರುವವರನ್ನೇ ಕೇಳುತ್ತಾರೆ. ಇನ್‌ಚಾರ್ಜ್ ಸಿಸ್ಟರ್ ವಾರಕ್ಕೊಮ್ಮೆ ಒಬ್ಬೊಬ್ಬರನ್ನು ಕರೆದು, "ಈ ವಾರ ನೀವು ಮಾಡಬೇಕು ಅಂದುಕೊಂಡು ಮಾಡಲಾಗದೆ ಉಳಿದ ಕೆಲಸ ಯಾವುದು?" ಅಂತ ಕೇಳಿದರೆ ಸಾಕು. ಬರುವ ಉತ್ತರ ಹೆಚ್ಚಾಗಿ ತುಂಬಾ ಸಾದಾ ಆಗಿರುತ್ತದೆ. ಔಷಧ ತರಲು ನಾಲ್ಕು ಸಲ ಕೆಳಗಿನ ಮಹಡಿಗೆ ಹೋದೆ. ಒಂದೇ ವಿವರವನ್ನು ಮೂರು ಕಡೆ ಬರೆದೆ. ಬಿ.ಪಿ. ಯಂತ್ರ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು, ಅಜ್ಜಿಯ ಹತ್ತಿರ ಕೂರೋಕೆ ಆಗಲೇ ಇಲ್ಲ. ಔಷಧ ತರಲು ಇನ್ನೊಬ್ಬರನ್ನು ಇಡಬಹುದು, ಇನ್ನೊಂದು ಯಂತ್ರ ಕೊಳ್ಳಬಹುದು. ಆ ಅರ್ಧ ಗಂಟೆ ಅಜ್ಜಿಯ ಮಂಚದ ಪಕ್ಕಕ್ಕೆ ವಾಪಸ್ ಬರುತ್ತದೆ.